ಉದ್ಯೋಗ ಖಾತರಿಯ ಐಟಿ ತರಬೇತಿ: ಹಣ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಪದವಿ ಫಲಿತಾಂಶ ಬರುತ್ತಿದ್ದಂತೆ ಮಂಗಳೂರಿನ ಹಂಪನಕಟ್ಟೆ, ಬಲ್ಮಠ, ಪಿವಿಎಸ್ ವೃತ್ತದ ಆಸುಪಾಸಿನಲ್ಲಿ, ಅತ್ತ ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯುದ್ದಕ್ಕೂ ಐಟಿ ತರಬೇತಿಯ ಫ್ಲೆಕ್ಸ್‌ಗಳು ಏಳುತ್ತವೆ. ಜಾವಾ ಫುಲ್ ಸ್ಟ್ಯಾಕ್, ಪೈಥಾನ್, ಡೇಟಾ ಸೈನ್ಸ್, ಟೆಸ್ಟಿಂಗ್, ಯಾವುದೇ ಇರಲಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಶೇ. 100 ಉದ್ಯೋಗ ಖಾತರಿ’. ಬೆಳ್ತಂಗಡಿ, ಸುಳ್ಯ, ಬೈಂದೂರು ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿ ಆ ಸಾಲನ್ನು ನಂಬಿ ಚಿನ್ನ ಅಡವಿಡುವುದೂ ಉಂಟು. ಐಟಿ ಕಂಪನಿಗಳಲ್ಲಿ ಹೊಸಬರ ನೇಮಕಾತಿ ನೋಡಿಕೊಳ್ಳುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಖಾತರಿಗೆ ಒಂದು ರೂಪಾಯಿಯ ಬೆಲೆಯನ್ನೂ ಕಟ್ಟಬೇಡಿ. ಕಲಿಸುವ ಪಾಠಕ್ಕೆ ಮಾತ್ರ ಈ ಶುಲ್ಕ ಸರಿಯೇ ಎಂದು ಲೆಕ್ಕ ಹಾಕಿ ನಿರ್ಧರಿಸಿ.

ಏಕೆಂದರೆ ಖಾತರಿಯ ಷರತ್ತುಗಳು ಫ್ಲೆಕ್ಸ್‌ನಲ್ಲಿರುವುದಿಲ್ಲ, ಪ್ರವೇಶ ಅರ್ಜಿಯ ಹಿಂಬದಿಯಲ್ಲಿ ಇರುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60ಕ್ಕಿಂತ ಹೆಚ್ಚು ಅಂಕ, ಒಂದೂ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು, ನಡುವೆ ವರ್ಷ ಬಿಟ್ಟಿರಬಾರದು, ಹಾಜರಿ ಶೇ. 90, ಎಲ್ಲ ಮಾಕ್ (ಅಣಕು) ಪರೀಕ್ಷೆ ಪಾಸು, ಕರೆದ ಊರಿಗೆ ಎರಡು ದಿನದೊಳಗೆ ಹೊರಡಬೇಕು. ಒಂದು ಸಂದರ್ಶನ ತಪ್ಪಿದರೂ ಖಾತರಿ ರದ್ದು. ಅನೇಕ ಕಂಪನಿಗಳು ಹೊಸಬರ ಅರ್ಜಿಯನ್ನು ಸೋಸುವುದೂ ಇಂಥದ್ದೇ ಅಂಕದ ಮಿತಿಯಿಂದ. ಅಂದರೆ ಆ ಷರತ್ತು ದಾಟುವ ಹುಡುಗನಿಗೆ ತರಬೇತಿ ಕೇಂದ್ರ ಇಲ್ಲದೆಯೂ ಸಂದರ್ಶನದ ಬಾಗಿಲು ತೆರೆದಿದೆ. ಪಿಯುಸಿಯಲ್ಲಿ ಶೇ. 52 ಪಡೆದು, ಖಾತರಿಯ ಆಸೆಯಿಂದಲೇ ಬಂದ ಹುಡುಗಿಗೆ ಅದು ಸೇರಿದ ದಿನವೇ ಇಲ್ಲವಾಗಿರುತ್ತದೆ. ಯಾವ ತರಬೇತಿಯೂ ಹಳೆಯ ಅಂಕಪಟ್ಟಿಯನ್ನು ತಿದ್ದಲಾರದು.

‘ಕಳೆದ ಬ್ಯಾಚ್‌ನಲ್ಲಿ ಶೇ. 95 ಮಂದಿಗೆ ಕೆಲಸ’ ಎಂದರೆ ಯಾರ ಪೈಕಿ ಎಂದು ಕೇಳಿ. ಸೇರಿದವರೆಲ್ಲರ ಪೈಕಿಯೋ, ಷರತ್ತು ದಾಟಿದವರ ಪೈಕಿಯೋ? ಒಬ್ಬರಿಗೇ ಎರಡು ಆಫರ್ ಬಂದರೆ ಎರಡೆಂದು ಎಣಿಸುವವರಿದ್ದಾರೆ. ಟೆಲಿಕಾಲಿಂಗ್ ಕೆಲಸ, ಸಂಬಳವಿಲ್ಲದ ಇಂಟರ್ನ್‌ಶಿಪ್, ತರಬೇತಿ ಕೇಂದ್ರದ್ದೇ ಇನ್ನೊಂದು ಹೆಸರಿನ ಕಂಪನಿಯ ಮೂರು ತಿಂಗಳ ನೇಮಕ, ಇವೂ ಪ್ಲೇಸ್‌ಮೆಂಟ್ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ಖಾತರಿ ಕೊಡುತ್ತೇವೆ ಎನ್ನುವವರಿಂದ ಲೆಟರ್‌ಹೆಡ್‌ನಲ್ಲಿ, ಸಹಿ ಮತ್ತು ಮೊಹರಿನೊಂದಿಗೆ ಬರೆಸಿಕೊಳ್ಳಬೇಕಾದ ವಿಷಯಗಳಿವೆ: ಯಾವ ಹುದ್ದೆ, ತಿಂಗಳಿಗೆ ಕನಿಷ್ಠ ಎಷ್ಟು ಸಂಬಳ, ಕೋರ್ಸ್ ಮುಗಿದ ಎಷ್ಟು ತಿಂಗಳೊಳಗೆ, ಸಿಗದಿದ್ದರೆ ಎಷ್ಟು ಹಣ ಎಷ್ಟು ದಿನದಲ್ಲಿ ವಾಪಸ್. ಬರೆದುಕೊಡಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತಾಯಿತು. ಕೌನ್ಸೆಲರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ವಾಟ್ಸ್‌ಆ್ಯಪ್‌ನಲ್ಲಿ ‘ನೀವು ಹೀಗೆ ಹೇಳಿದ್ದು ಸರಿಯಲ್ಲವೇ’ ಎಂದು ಕಳುಹಿಸಿ, ಉತ್ತರವನ್ನು ಉಳಿಸಿಕೊಳ್ಳಿ.

ಹೆಚ್ಚು ಮಂದಿ ಸಿಕ್ಕಿಬೀಳುವುದು ‘ನೋ ಕಾಸ್ಟ್ ಇಎಂಐ’ಯಲ್ಲಿ. ಇದನ್ನು ಕಂತಿನ ಶುಲ್ಕ ಎಂದು ತಿಳಿಯುತ್ತಾರೆ, ಆದರೆ ಇದು ಫೈನಾನ್ಸ್ ಕಂಪನಿಯೊಂದು ವಿದ್ಯಾರ್ಥಿಯ ಅಥವಾ ಅಪ್ಪನ ಹೆಸರಿನಲ್ಲಿ ಕೊಡುವ ಸಾಲ. ಮೊಬೈಲ್‌ನಲ್ಲಿ ಆಧಾರ್ ಒಟಿಪಿ ಹಾಕಿದ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. 60 ಸಾವಿರ ಶುಲ್ಕ, ತಿಂಗಳಿಗೆ 5 ಸಾವಿರದಂತೆ 12 ಕಂತು ಎಂದಿಟ್ಟುಕೊಳ್ಳಿ. ತರಬೇತಿ ಕೇಂದ್ರಕ್ಕೆ ಹಣ ಮೊದಲ ವಾರದಲ್ಲೇ ಸಂದಾಯವಾಗಿರುತ್ತದೆ. ಮೂರು ಕಂತು ಕಟ್ಟಿದ ಮೇಲೆ ಪಾಠ ಸರಿಯಿಲ್ಲವೆಂದು ಬಿಟ್ಟರೂ, ಕೇಂದ್ರಕ್ಕೆ ಬೀಗ ಬಿದ್ದರೂ, ಉಳಿದ 45 ಸಾವಿರ ನಿಮ್ಮ ಖಾತೆಯಿಂದ ಕಡಿತವಾಗುತ್ತಲೇ ಇರುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ಬೌನ್ಸ್ ಶುಲ್ಕ ಬೇರೆ, ಸಾಲ ತೀರಿಸುವ ಶಿಸ್ತನ್ನು ಬ್ಯಾಂಕುಗಳಿಗೆ ತೋರಿಸುವ ಸಿಬಿಲ್ ಸ್ಕೋರ್ ಕುಸಿತ ಬೇರೆ. ಮುಂದೆ ತಂಗಿಯ ಶಿಕ್ಷಣ ಸಾಲಕ್ಕೆ ಅಪ್ಪ ಬ್ಯಾಂಕಿಗೆ ಹೋದಾಗ ಇದು ಎದುರಾಗುತ್ತದೆ.

ಸಾಲ ಅನಿವಾರ್ಯ ಎನಿಸಿದರೆ ‘ಕೆಎಫ್‌ಎಸ್’ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಎಂಬ ಸಾಲದ ಮಾಹಿತಿ ಪತ್ರವನ್ನು ಕೇಳಿ ಪಡೆಯಿರಿ. ವಾರ್ಷಿಕ ಒಟ್ಟು ವೆಚ್ಚದ ದರ, ಪ್ರೊಸೆಸಿಂಗ್ ಶುಲ್ಕ, ದಂಡ ಎಲ್ಲವೂ ಅದರಲ್ಲಿರಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಡಿಜಿಟಲ್ ಸಾಲ ಪಡೆದವರು ಮನಸ್ಸು ಬದಲಿಸಿದರೆ ದಂಡವಿಲ್ಲದೆ ಅಸಲು ಮತ್ತು ಆವರೆಗಿನ ಬಡ್ಡಿ ಕಟ್ಟಿ ಹೊರಬರಲು ಕನಿಷ್ಠ ಒಂದು ದಿನದ ಅವಕಾಶವೂ ಇದೆ. ಎಷ್ಟು ದಿನ ಎಂಬುದು ಅದೇ ಪತ್ರದಲ್ಲಿರುತ್ತದೆ. ನಮ್ಮ ಸಲಹೆ ಮಾತ್ರ ಸ್ಪಷ್ಟ: ಫೈನಾನ್ಸ್ ಕಂಪನಿಯನ್ನು ನಡುವೆ ತರದೆ, ಪಾಠ ನಡೆದಂತೆ ತಿಂಗಳು ತಿಂಗಳು ನೇರವಾಗಿ ಶುಲ್ಕ ಪಡೆಯುವ ಕೇಂದ್ರವಿದ್ದರೆ ಅಲ್ಲಿಗೇ ಹೋಗಿ.

ವಾರ್ಷಿಕ 3 ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ 25 ಸಾವಿರ ಕೈಗೆ ಬರುವುದಿಲ್ಲ ಎಂಬುದೂ ನೆನಪಿರಲಿ. ಪಿಎಫ್‌ನ ಎರಡೂ ಪಾಲು ಸಾಮಾನ್ಯವಾಗಿ ಅದರೊಳಗೇ ಸೇರಿರುತ್ತದೆ. ಮೂಲವೇತನ 12,500 ಇದ್ದರೆ ಎರಡು ಪಾಲಿಗೆ 3 ಸಾವಿರ ಹೋಗಿ 22 ಸಾವಿರ ಉಳಿಯುತ್ತದೆ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟದ ಜೊತೆಗೆ 5 ಸಾವಿರದ ಕಂತೂ ಅದರಲ್ಲೇ ಆಗಬೇಕು.

ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿದರೆ ಬಿಲ್‌ನಲ್ಲಿ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿದರೆ ನೋಂದಾಯಿತ ಹೆಸರು, ನೋಂದಣಿಯ ದಿನಾಂಕ ಉಚಿತವಾಗಿ ಕಾಣುತ್ತದೆ. ‘15 ವರ್ಷದ ಅನುಭವ’ ಎಂದವರ ನೋಂದಣಿ ಕಳೆದ ವರ್ಷದ್ದಾಗಿದ್ದರೆ ಕಾರಣ ಕೇಳಿ. ವಾರ್ಷಿಕ ವಹಿವಾಟು 20 ಲಕ್ಷ ಮೀರದ ಸಣ್ಣ ಕೇಂದ್ರಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ರಸೀದಿಯಿಲ್ಲದೆ ನಗದು ಕೊಡಬೇಡಿ. ಮೂಲ ಅಂಕಪಟ್ಟಿಯನ್ನಾಗಲಿ, ಸಹಿ ಹಾಕಿದ ಖಾಲಿ ಚೆಕ್ಕನ್ನಾಗಲಿ ಯಾರ ಬಳಿಯೂ ಬಿಡಬೇಡಿ.

ಇನ್ನೊಂದು ವಿಷಯವನ್ನು ಕಳವಳದಿಂದಲೇ ಹೇಳುತ್ತೇವೆ. ‘ಫ್ರೆಷರ್‌ಗೆ ಕೆಲಸವಿಲ್ಲ, ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡುತ್ತೇವೆ’ ಎಂದು ಆಮಿಷ ಒಡ್ಡುವವರಿದ್ದಾರೆ. ಕಂಪನಿಗಳು ಸೇರಿಸಿಕೊಂಡ ಮೇಲೂ ಹಿನ್ನೆಲೆ ಪರಿಶೀಲನೆ ನಡೆಸುತ್ತವೆ. ಯುಎಎನ್ (ಉದ್ಯೋಗಿಯ ಪಿಎಫ್ ಸಂಖ್ಯೆ) ಖಾತೆಯ ಸೇವಾ ವಿವರ, ಪಿಎಫ್ ಜಮೆ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಡಿತದ ವಿವರವಿರುವ ಫಾರ್ಮ್ 26ಎಎಸ್ ತಾಳೆಯಾಗದಿದ್ದರೆ ಅಲ್ಲಿಗೆ ಕೆಲಸ ಹೋಯಿತು. ಕೆಲಸ ಬಿಡುವಾಗ ಕಂಪನಿ ಕೊಡುವ ರಿಲೀವಿಂಗ್ ಪತ್ರವೂ ಸಿಗುವುದಿಲ್ಲ. 22 ವರ್ಷದ ಮಕ್ಕಳನ್ನು ಸುಳ್ಳು ದಾಖಲೆಗೆ ತಳ್ಳುವ ಇಂಥವರ ಮೆಟ್ಟಿಲನ್ನೂ ಹತ್ತಬೇಡಿ.

ಹಾಗಾದರೆ ತರಬೇತಿಯೇ ಬೇಡವೇ? ಮೊದಲು ಆರು ವಾರ, ದಿನಕ್ಕೆ ಎರಡು ಗಂಟೆ ಮನೆಯಲ್ಲೇ ಕಲಿತು ನೋಡಿ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂ-ಎನ್‌ಪಿಟಿಇಎಲ್‌ನಲ್ಲಿ ಜಾವಾ, ಪೈಥಾನ್ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇನ್ಫೋಸಿಸ್ ಕಂಪನಿಯ ಕಲಿಕಾ ತಾಣ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಮೂರು ವಾರ ಪ್ರೋಗ್ರಾಮಿಂಗ್‌ನ ಮೂಲಪಾಠಗಳಾದ ಲೂಪ್, ಅರೇ, ಸ್ಟ್ರಿಂಗ್. ಆಮೇಲೆ ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಎರಡು ಟೇಬಲ್‌ಗಳ ಜಾಯಿನ್ (ಜೋಡಣೆ). ಕೊನೆಗೆ ಸಹಕಾರಿ ಸಂಘದ ಠೇವಣಿ ಲೆಕ್ಕದಂಥ ಒಂದು ಸಣ್ಣ ಪ್ರೋಗ್ರಾಂ ಬರೆದು, ಕೋಡ್ ಇಟ್ಟು ತೋರಿಸುವ ಜಾಲತಾಣ ಗಿಟ್‌ಹಬ್‌ಗೆ ಹಾಕಿ. ಹೊಸಬರ ಸಂದರ್ಶನದಲ್ಲಿ ಕೇಳುವುದು ಬಹುಪಾಲು ಇದನ್ನೇ, ಜೊತೆಗೆ ಆಪ್ಟಿಟ್ಯೂಡ್ ಮತ್ತು ಮಾಡಿದ ಪ್ರಾಜೆಕ್ಟ್ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ. ಎರಡನೇ ವಾರಕ್ಕೇ ಬೇಸರ ಬಂದರೆ ಲಕ್ಷ ಕೊಟ್ಟರೂ ಅದು ಹೋಗದು. ಆಸಕ್ತಿಯಿದ್ದೂ ಒಬ್ಬರೇ ಮುಂದೆ ಹೋಗಲಾಗದೆ ನಿಂತರೆ, ಬಿ.ಕಾಂ. ಅಥವಾ ಮೆಕ್ಯಾನಿಕಲ್‌ನಿಂದ ಬಂದು ತಪ್ಪು ತಿದ್ದುವವರು ಬೇಕೆನಿಸಿದರೆ, ಆಗ ತರಬೇತಿಗೆ ಹಣ ಕೊಡುವುದರಲ್ಲಿ ಅರ್ಥವಿದೆ.

ಆಯ್ಕೆ ಮಾಡುವಾಗ ಡೆಮೊ ತರಗತಿಗೆ ಸೋಲಬೇಡಿ. ನಡೆಯುತ್ತಿರುವ ಬ್ಯಾಚ್‌ನಲ್ಲಿ ಎರಡು ದಿನ ಕೂರಲು ಬಿಡುತ್ತಾರೆಯೇ ಕೇಳಿ. ಬ್ಯಾಚ್‌ನಲ್ಲಿ 25ಕ್ಕಿಂತ ಹೆಚ್ಚು ಮಂದಿಯಿದ್ದರೆ ನಿಮ್ಮ ಕೋಡ್ ನೋಡುವವರಿರುವುದಿಲ್ಲ. ಡೆಮೊ ಮಾಡಿದವರೇ ಕೊನೆಯವರೆಗೂ ಕಲಿಸುತ್ತಾರೆಯೇ, ವಾರಕ್ಕೆ ಎಷ್ಟು ಗಂಟೆ ಲ್ಯಾಬ್, ಯಾರು ಕೋಡ್ ತಿದ್ದುತ್ತಾರೆ? ಆರು ತಿಂಗಳ ಹಿಂದಿನ ಬ್ಯಾಚ್‌ನವರನ್ನು ಲಿಂಕ್ಡ್‌ಇನ್‌ನಲ್ಲಿ ನೀವೇ ಹುಡುಕಿ ಮಾತನಾಡಿ, ಕೆಲಸ ಸಿಗದವರೊಡನೆ ಮುಖ್ಯವಾಗಿ. ಗೋಡೆಗೆ ಅಂಟಿಸಿದ ಫೋಟೋಗಳು ಸಾಕ್ಷಿಯಾಗಲಾರವು.

ಮೋಸವಾದರೆ ಸುಮ್ಮನಿರಬೇಕಿಲ್ಲ. ಸುಳ್ಳು ಉದ್ಯೋಗ ಭರವಸೆಯ ಕೋಚಿಂಗ್ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮೊದಲು 1915 ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ತರಬೇತಿ ಕೇಂದ್ರ ಬೆಂಗಳೂರಿನದ್ದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಲದ ತಕರಾರಿಗೆ ಮೊದಲು ಫೈನಾನ್ಸ್ ಕಂಪನಿಗೆ ಲಿಖಿತ ದೂರು, ಅದು 30 ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ (ದೂರು ಇತ್ಯರ್ಥ ಅಧಿಕಾರಿ), ಮಾಹಿತಿಗೆ 14448.

ತರಬೇತಿ ಕೇಂದ್ರಗಳಿಗೆ ಕ್ಯಾಂಪಸ್‌ನಲ್ಲಿ ಡೆಮೊ ನಡೆಸಲು ಅವಕಾಶ ಕೊಡುವ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಕಾಲೇಜುಗಳು ಖಾತರಿಯ ಷರತ್ತುಪತ್ರವನ್ನು ಮೊದಲೇ ತರಿಸಿಕೊಂಡು ನೋಟಿಸ್ ಬೋರ್ಡ್‌ಗೆ ಹಾಕಬೇಕು. ನಿಮ್ಮ ಪತ್ರಿಕೆಯೂ ಇಂಥ ಜಾಹೀರಾತು ಸ್ವೀಕರಿಸುವಾಗ ಅದೇ ಷರತ್ತುಪತ್ರವನ್ನು ಕೇಳಿ, ಮುಖ್ಯ ಷರತ್ತುಗಳು ಜಾಹೀರಾತಿನಲ್ಲೇ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರುವಂತೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇವೆ.

– ಐಟಿ ನೇಮಕಾತಿ ಕ್ಷೇತ್ರದ ಕೆಲವು ಉದ್ಯೋಗಿಗಳು, ಮಂಗಳೂರು