ಕಾರಿಡಾರಲ್ಲಿ ನಿಂತ ಹುಡುಗರ ಸಿನಿಮಾ ಬಗ್ಗೇನೂ ಬರೀರಿ ಸಾರ್

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಸಿನಿಮಾ ಪುಟ ತಪ್ಪದೆ ಓದೋನು ನಾನು, ಯಾವ ಹೀರೋ ಸಿನಿಮಾ ಎಷ್ಟು ಕೋಟಿ ಬಾಚ್ತು, ಯಾರ ಟೀಸರ್ ಯಾವತ್ತು ಎಲ್ಲಾ ಗೊತ್ತಾಗತ್ತೆ, ಅದಕ್ಕೆ ತಕರಾರಿಲ್ಲ, ನಾನೂ ಫಸ್ಟ್ ಡೇ ಹೋಗಿ ಶಿಳ್ಳೆ ಹೊಡೆಯೋ ಪೈಕೀನೇ. ಆದ್ರೆ ಮಕ್ಕಳ ಸಿನಿಮಾ ಅನ್ನೋದು ನವೆಂಬರ್ 14ಕ್ಕೆ ಮಾತ್ರ ಯಾಕೆ ನೆನಪಾಗತ್ತೆ ನಿಮ್ಗೆ?

ಮೊನ್ನೆ ಅಕ್ಕನ ಮಗನ ಜೊತೆ ‘ಸನ್ ಆಫ್ ರ‍್ಯಾಂಬೋ’ ಅಂತ ಒಂದು ಸಿನಿಮಾ ನೋಡಿದೆ. ಗಾರ್ತ್ ಜೆನ್ನಿಂಗ್ಸ್ ಅನ್ನೋರು ಮಾಡಿರೋದು, 2007ರದ್ದು, ಕಥೆ ನಡೆಯೋದು 80ರ ದಶಕದ ಇಂಗ್ಲೆಂಡಲ್ಲಿ. ವಿಲ್ ಅಂತ ಒಬ್ಬ ಹುಡುಗ, ಅಪ್ಪ ತೀರ್ಕೊಂಡಿರ್ತಾನೆ, ಮನೆಯೋರು ಪ್ಲಿಮತ್ ಬ್ರದರನ್ ಅನ್ನೋ ಭಾರೀ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದೋರು, ಟೀವಿ ಸಿನಿಮಾ ಯಾವುದೂ ನೋಡೋಹಾಗಿಲ್ಲ, ಸ್ಕೂಲಲ್ಲಿ ಪಾಠಕ್ಕೆ ಅಂತ ಟೀವಿ ಹಾಕಿದ್ರೂ ಇವನು ಎದ್ದು ಕಾರಿಡಾರಲ್ಲಿ ಹೋಗಿ ಕೂರಬೇಕು. ಅದೇ ಕಾರಿಡಾರಿಗೆ ಲೀ ಕಾರ್ಟರ್ ಅನ್ನೋ ತರ್ಲೆ ನನ್ಮಗನ್ನ ಟೀಚರ್ ಇನ್ನೊಂದು ಕ್ಲಾಸಿಂದ ಆಚೆ ಹಾಕ್ತಾರೆ. ಒಬ್ಬ ಅತೀ ಸಾಧು ಅಂತ ಹೊರಗೆ, ಇನ್ನೊಬ್ಬ ಅತೀ ಕೇಡಿ ಅಂತ ಹೊರಗೆ. ಶುರುನಲ್ಲಿ ಸ್ನೇಹ ಏನೂ ಇಲ್ಲ, ಲೀ ಇವನಿಗೆ ಟೋಪಿ ಹಾಕಿ, ಸತ್ತೋದ ಅಪ್ಪನ ವಾಚನ್ನೇ ಕಿತ್ಕೋತಾನೆ!

ಆಮೇಲೆ ಲೀ ಮನೇಲಿ ಥಿಯೇಟರಿಂದ ಕದ್ದು ರೆಕಾರ್ಡ್ ಮಾಡಿದ ಸ್ಟಲೋನ್ ರ‍್ಯಾಂಬೋ ಅನ್ನೋ ಹೀರೋ ಆಗಿರೋ ಸಿನಿಮಾ ‘ಫಸ್ಟ್ ಬ್ಲಡ್’ ವಿಲ್ ಕಣ್ಣಿಗೆ ಬೀಳತ್ತೆ, ಹುಟ್ಟಿದಾಗಿಂದ ಒಂದು ಸಿನಿಮಾನೂ ನೋಡ್ದೇ ಇರೋ ಮಗು ಮೊದಲು ನೋಡೋದೇ ಅದು, ತಲೆ ಕೆಟ್ಟೋಗತ್ತೆ ಪಾಪ. ತಾನೇ ರ‍್ಯಾಂಬೋ ಮಗ ಅನ್ಕೊಂಡು, ದುಷ್ಟರ ಕೈಗೆ ಸಿಕ್ಕಿರೋ ಅಪ್ಪನ್ನ ಬಿಡಿಸ್ಕೊಂಡು ಬರೋ ಕಥೆ ಕಟ್ತಾನೆ, ಅದನ್ನೇ ಲೀ ಜೊತೆ ಸೇರಿ ಸಿನಿಮಾ ಮಾಡೋಕೆ ಹೊರಡ್ತಾನೆ. ಅಪ್ಪ ಇಲ್ದಿರೋ ಹುಡುಗ ಬೇರೆ ಯಾವ ಕಥೆ ಕಟ್ತಾನೆ ಹೇಳಿ? ಇದನ್ನ ಡೈರೆಕ್ಟರ್ ಎಲ್ಲೂ ಡೈಲಾಗ್ ಹೊಡೆಸಿ ಹೇಳ್ಸಲ್ಲ, ಪಿಟೀಲು ಕುಯ್ಸಿ ಅಳ್ಸಲ್ಲ, ನಾವೇ ನಗ್ತಾ ನಗ್ತಾ ಗಂಟ್ಲು ಕಟ್ಕೊಂಡು ಕೂರ್ತೀವಿ. ಲೀ ಕಥೇನೂ ಅಷ್ಟೇ, ತಾಯಿ ಎಲ್ಲೋ ದೂರದ ದೇಶದಲ್ಲಿ, ಮನೇಲಿ ಇರೋದು ಒಬ್ಬ ಅಣ್ಣ, ಅವನೂ ಇವನನ್ನ ಆಳಿನ ಥರಾ ದುಡಿಸ್ಕೋತಾನೆ, ಆದ್ರೂ ಅಣ್ಣನ ಬಗ್ಗೆ ಯಾರಾದ್ರೂ ಒಂದ್ ಮಾತಂದ್ರೆ ಇವನು ಕೆಂಡ.

ಫ್ರಾನ್ಸಿನ ಸ್ಕೂಲಿಂದ ಎಕ್ಸ್‌ಚೇಂಜಲ್ಲಿ ಸ್ವಲ್ಪ ದಿನಕ್ಕೆ ಅಂತ ಬಂದ ಒಬ್ಬ ಸ್ಟೈಲ್ ಹುಡುಗ ಬೇರೆ ಇದಾನೆ, ಇಡೀ ಸ್ಕೂಲೇ ಅವನ ಹಿಂದೆ, ಕೊನೆಗೆ ವಾಪಸ್ ಹೋಗೋ ಬಸ್ಸಲ್ಲಿ ನೋಡಿದ್ರೆ ಅವನ ಊರಿನ ಹುಡುಗರೇ ಅವನನ್ನ ಕೇರ್ ಮಾಡಲ್ಲ. ನನಗೆ ತುಂಬಾ ಕಾಡಿದ್ದು ಇದೇ ಸೀನು.

ಇದನ್ನೆಲ್ಲಾ ಕೋಲಾರದಿಂದ ಕೂತ್ಕೊಂಡು ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಜಿಲ್ಲೆ ಸ್ಕೂಲುಗಳಲ್ಲಿ ಈ ಥರ ಗುಂಪಿಂದ ಹೊರಗೇ ಉಳಿಯೋ ಮಕ್ಕಳು ಬೇಕಾದಷ್ಟು ಇದಾರೆ. ಮುಳಬಾಗಿಲು ಕಡೆ ಮನೇಲಿ ತೆಲುಗು ಮಾತಾಡೋ ಮಕ್ಕಳಿಗೆ ಅಷ್ಟು ಕಷ್ಟ ಇಲ್ಲ, ಅರ್ಧ ಊರೇ ತೆಲುಗು. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದ್ರೂ ತಮಿಳು ಮನೆಗಳು ಬೇರೂರಿಬಿಟ್ಟಿವೆ, ಜೊತೆಗಾರರು ಇರ್ತಾರೆ. ಆದ್ರೆ ಮಾಲೂರಿನ ಇಟ್ಟಿಗೆ ಗೂಡಿಗೆ ಮಳೆಗಾಲ ಮುಗಿದ್ಮೇಲೆ ಅಪ್ಪ ಅಮ್ಮನ ಜೊತೆ ಬಂದು ಮುಂಗಾರಿಗೆ ಮುಂಚೆ ಹೊರಟೋಗೋ ಮಗು? ಹೆಸರು ಬಾಯಿಗೆ ಬರೋ ಹೊತ್ಗೆ ಬೆಂಚು ಖಾಲಿ. ಅದರ ಪಕ್ಕ ಕೂರ್ಸೋದು ಯಾರನ್ನ, ಏನೇ ಗಲಾಟೆ ಆದ್ರೂ ಮೊದಲು ಹೆಸರು ಬರತ್ತಲ್ಲ ಆ ಲಾಸ್ಟ್ ಬೆಂಚಿನವನನ್ನ. ಇಬ್ಬರಿಗೂ ‘ಎಲ್ಲರೂ ಸ್ನೇಹದಿಂದ ಇರಿ’ ಅಂತ ಪ್ರೇಯರಲ್ಲಿ ಭಾಷಣ ಕೊಟ್ರೆ ಏನೂ ಆಗಲ್ಲ. ಈ ಸಿನಿಮಾದಲ್ಲಿ ಆ ಹುಡುಗರನ್ನ ಹತ್ರ ತಂದಿದ್ದು ಬುದ್ಧಿಮಾತಲ್ಲ, ಕೈಲಿ ಒಂದು ಕೆಲಸ ಇತ್ತು, ಒಬ್ಬನಿಗೆ ಕ್ಯಾಮೆರಾ ಬರ್ತಿತ್ತು ಇನ್ನೊಬ್ಬನಿಗೆ ಕಥೆ ಬರ್ತಿತ್ತು, ಒಬ್ಬನಿಲ್ದೆ ಇನ್ನೊಬ್ಬನ ಕೈಲಿ ಆಗ್ತಿರ್ಲಿಲ್ಲ.

ಅದಕ್ಕೇ ಹೈಸ್ಕೂಲ್ ಮೇಷ್ಟ್ರುಗಳಿಗೆ ಒಂದು ರಿಕ್ವೆಸ್ಟು, ಬ್ಯಾಗ್ ಇಲ್ಲದ ಶನಿವಾರ ಸ್ಮಾರ್ಟ್ ಕ್ಲಾಸಲ್ಲಿ ಇದನ್ನ ಹಾಕಿ, ನಡುನಡುವೆ ನಿಲ್ಸಿ ಕನ್ನಡದಲ್ಲಿ ಹೇಳಿ, ಆಮೇಲೆ ಇಬ್ಬಿಬ್ಬರಿಗೆ ಒಂದು ಮೊಬೈಲ್ ಕೊಟ್ಟು ಐದು ನಿಮಿಷದ ಸಿನಿಮಾ ಮಾಡ್ಕೊಂಡ್ ಬನ್ನಿ ಅನ್ನಿ, ಜೋಡಿ ಮಾತ್ರ ನೀವೇ ಹಾಕಿ, ಫ್ರೆಂಡ್ಸ್ ಫ್ರೆಂಡ್ಸೇ ಸೇರೋದು ಬೇಡ. ಸಿನಿಮಾದಲ್ಲಿ ಹುಡುಗ ಸಿಗರೇಟ್ ಸೇದ್ತಾನೆ, ಕದೀತಾನೆ, ಇದನ್ನ ಮಕ್ಕಳಿಗೆ ತೋರಿಸ್ತೀರಾ ಅಂತ ಕೇಳೋರು ಇರ್ತಾರೆ. ಬ್ರಿಟನ್ನಲ್ಲೇ ಇದಕ್ಕೆ 12ಎ ಸರ್ಟಿಫಿಕೇಟು, ಅಂದ್ರೆ ಥಿಯೇಟರಲ್ಲಿ ಹನ್ನೆರಡರ ಒಳಗಿನೋರು ದೊಡ್ಡೋರ ಜೊತೆ ಮಾತ್ರ ನೋಡಬಹುದು, ಪುಟ್ಟ ಮಕ್ಕಳಿಗೆ ಬೇಡ, ಎಂಟನೇ ಕ್ಲಾಸಿಂದ ಮೇಲಿನೋರಿಗೆ ಸಾಕು. ನಮ್ಮ ಮಾಸ್ ಸಿನಿಮಾದಲ್ಲಿ ಮಚ್ಚು ಬೀಸೋದನ್ನ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡೇ ತೋರಿಸ್ತೀವಲ್ಲ ಸ್ವಾಮಿ.

ನಿಮ್ಮ ಹತ್ರ ಕೇಳೋದು ಇಷ್ಟೇ, ತಿಂಗಳಿಗೊಂದು ಸಲ ಕಾಲು ಪುಟ ಮಕ್ಕಳ ಸಿನಿಮಾಗೆ ಬಿಡಿ, ಕನ್ನಡದ್ದಾಗ್ಲಿ ಹೊರಗಿನದ್ದಾಗ್ಲಿ, ಯಾವ ವಯಸ್ಸಿನೋರಿಗೆ, ಎಲ್ಲಿ ಸಿಗತ್ತೆ ಅನ್ನೋದನ್ನೂ ಸೇರ್ಸಿ ಹಾಕಿ.

– ಒಬ್ಬ ಓದುಗ, ಕೋಲಾರ