ಎರಡೆಳೆ ಇರುವಾಗ ದಪ್ಪ ನೂಲೇಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಉಲ್ಲನ್ ಟೋಪಿ ಹೆಣೆಯುವ ವಿಧಾನ ಬಂದಿತ್ತು. ಮಾದರಿ ಚೆಂದವೇ. ಆದರೆ ‘8 ನಂಬರ್ ಕಡ್ಡಿ, ದಪ್ಪ ವಿದೇಶಿ ನೂಲು’ ಎಂದಷ್ಟೇ ಇದ್ದುದರಿಂದ ನಮ್ಮ ಬೀದಿಯ ಹುಡುಗಿಯರು ಚಿಕ್ಕಪೇಟೆ, ಅವೆನ್ಯೂ ರಸ್ತೆಯೆಲ್ಲ ಸುತ್ತಿ ಬರಿಗೈಲಿ ಬಂದರು. ಆನ್‌ಲೈನ್‌ನಲ್ಲಿ ದುಬಾರಿ ಉಂಡೆ ತರಿಸಲು ಹೊರಟವರನ್ನು ನಾನೇ ತಡೆದೆ. ಅಂಗಡಿಯಲ್ಲಿ ಸಿಗುವ 4 ಪ್ಲೈ ಎಂಬ ತೆಳು ನೂಲನ್ನೇ ಎರಡೆಳೆ ಜೋಡಿಸಿ ಹೆಣೆದರೆ ಆ ದಪ್ಪ ಬಂದೇ ಬರುತ್ತದೆ.

ದುಪ್ಪಟ್ಟು ನೂಲು ಬೇಕಾದೀತೆಂಬ ಹೆದರಿಕೆ ಬೇಡ. 10 ಸೆಂ.ಮೀ. ಅಗಲಕ್ಕೆ ಒಂದೆಳೆಯಲ್ಲಿ 28 ಕುಣಿಕೆ ಬೇಕಿದ್ದರೆ ಎರಡೆಳೆಯಲ್ಲಿ 20ರ ಆಸುಪಾಸು ಸಾಕು. ಸಾಲುಗಳೂ ಅಷ್ಟೇ ಕಡಿಮೆ. ಹಾಗಾಗಿ ಒಟ್ಟು ಖರ್ಚಾಗುವುದು ಹೆಚ್ಚೆಂದರೆ ಒಂದೂವರೆ ಪಟ್ಟು.

ಒಂದೇ ಉಂಡೆಯ ಒಳತುದಿ, ಹೊರತುದಿ ಎರಡನ್ನೂ ಎಳೆದು ಹೆಣೆಯುವವರಿದ್ದಾರೆ. ಅರ್ಧ ಟೋಪಿ ಆಗುವಷ್ಟರಲ್ಲಿ ಸಿಕ್ಕು ಬಿಡಿಸುವುದೇ ಕೆಲಸವಾಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 50 ಗ್ರಾಂ ಉಂಡೆಯನ್ನು ಎರಡು ಮಾಡಿ, ಬೇರೆ ಬೇರೆ ಡಬ್ಬಿಯಲ್ಲಿಡಿ. ಹೊಸ ನೂಲು ಸೇರಿಸುವಾಗ ಎರಡೂ ಎಳೆಯನ್ನು ಒಂದೇ ಕಡೆ ಜೋಡಿಸಿದರೆ ಅಲ್ಲಿ ಗಂಟು ಎದ್ದು ಕಾಣುತ್ತದೆ. ಒಂದು ಗೇಣಾದರೂ ಅಂತರವಿರಲಿ. ಕೊಕ್ಕೆ ಕಡ್ಡಿಯಿಂದ ಹೆಣೆಯುವ ಕ್ರೋಶಾದಲ್ಲಿ ಇನ್ನೊಂದು ಕಾಟವಿದೆ: ಕೊಕ್ಕೆ ಒಂದೆಳೆ ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಎರಡು ಸಾಲು ಮುಂದೆ ಹೋದ ಮೇಲೆ ಹಿಂದೆ ಸಣ್ಣ ಬಳೆಯಂತೆ ನೂಲು ಜೋತುಬಿದ್ದಿರುತ್ತದೆ, ಬಿಚ್ಚದೆ ಗತಿಯಿಲ್ಲ. ತುದಿ ಸ್ವಲ್ಪ ಗುಂಡಾಗಿರುವ ಕಡ್ಡಿಯಾದರೆ ಎಳೆ ಸೀಳುವುದು ಕಡಿಮೆ.

ಬಣ್ಣದ ಮಜಾ ಬೇರೆಯೇ. ಬಿಳಿ, ಕಂದು ಎರಡೇ ನೂಲಿದ್ದರೂ ಮೂರು ಪಟ್ಟಿ ಬರುತ್ತದೆ: ಮೊದಲು ಎರಡೂ ಎಳೆ ಬಿಳಿ, ನಡುವೆ ಒಂದು ಬಿಳಿ ಒಂದು ಕಂದು, ಮೇಲೆ ಎರಡೂ ಕಂದು. ನಡುವಿನ ಆ ಚುಕ್ಕೆಚುಕ್ಕೆ ಬಣ್ಣ ಅಂಗಡಿಯಲ್ಲಿ ಸುಲಭಕ್ಕೆ ಕೊಳ್ಳಲು ಸಿಗದು! ಆದರೆ ಅಕ್ರಿಲಿಕ್ ಎಂಬ ಕೃತಕ ನೂಲಿನ ಜೊತೆ ಅಪ್ಪಟ ಉಣ್ಣೆ ಬೆರೆಸಬೇಡಿ. ಬಿಸಿನೀರಿಗೆ ಬಿದ್ದರೆ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗದು. ಟೋಪಿ ಸುಕ್ಕುಗಟ್ಟುತ್ತದೆ.

ಕೊನೆಯದಾಗಿ ಪತ್ರಿಕೆಗೊಂದು ಮನವಿ. ನಮ್ಮಲ್ಲಿ ಹಳೆಯ ಬ್ರಿಟಿಷ್ ಲೆಕ್ಕದ ಕಡ್ಡಿಗಳು ಇನ್ನೂ ಬಳಕೆಯಲ್ಲಿವೆ. ಅದರಲ್ಲಿ 8 ಎಂದರೆ 4 ಮಿ.ಮೀ., ಅಮೆರಿಕದ ಲೆಕ್ಕದಲ್ಲಿ 5 ಮಿ.ಮೀ. ಅಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ, ಇಲ್ಲಿ ಸಣ್ಣ. ನಿಮ್ಮ ಮಾದರಿ ಯಾವ ದೇಶದ್ದೆಂದು ಓದುವವರು ಊಹಿಸುವುದು ಹೇಗೆ? ಇನ್ನು ಮುಂದೆ ಕಡ್ಡಿಯ ಅಳತೆಯನ್ನು ಮಿಲಿಮೀಟರ್‌ನಲ್ಲೇ ಕೊಡಿ. 10 ಸೆಂ.ಮೀ.ಗೆ ಎಷ್ಟು ಕುಣಿಕೆ, ಎಷ್ಟು ಸಾಲು ಎಂಬುದನ್ನೂ ಅಚ್ಚು ಹಾಕಿ. ನೂಲು ಯಾವುದೆಂದು ನಾವೇ ನೋಡಿಕೊಳ್ಳುತ್ತೇವೆ.

– ನಿವೃತ್ತ ಹೊಲಿಗೆ ಶಿಕ್ಷಕಿ, ಹನುಮಂತನಗರ, ಬೆಂಗಳೂರು