ಮಗಳಿಗೊಂದು ಪತ್ರ: ಹಸಿರು ಬಾಣದ ವಿಷಯ

ಸುಂಟಿಕೊಪ್ಪ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಮಧ್ಯಾಹ್ನ ಮೂರು ಗಂಟೆಗೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ತಿರುವಿನ ಹತ್ತಿರ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದಿದೆಯಂತೆ. ಯುಪಿಎಸ್ ಕೂಡ ಕೈಕೊಟ್ಟಿತು. ಲ್ಯಾಪ್‌ಟಾಪ್ ಮುಚ್ಚಿಟ್ಟು ಪೆನ್ನು ಹಿಡಿದಿದ್ದೇನೆ. ಅಜ್ಜ ಒಲೆ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದಾರೆ. ಮನೆಯೆಲ್ಲ ಅದರದೇ ವಾಸನೆ.

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಮನಸ್ಸಿನಿಂದ ಹೋಗಿಲ್ಲ. "ಅಮ್ಮ, ಹಾಸ್ಟೆಲಲ್ಲಿ ಎಲ್ಲರೂ ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತಾರೆ. ಆಗ್ಮೆಂಟೆಡ್ ರಿಯಾಲಿಟಿ ಅಂದ್ರೆ ಪೋಕೆಮಾನ್ ಗೋ ಆಟದ ಥರಾನಾ ಅಂತಾರೆ. ಇಲ್ಲದ್ದನ್ನ ಇದೆ ಅಂತ ತೋರ್ಸೋದು ತಾನೇ?" ಅಂದೆ. ಅದರ ಹಿಂದೆಯೇ, ಈ ಮ್ಯಾಟ್ರಿಕ್ಸ್, ವೆಕ್ಟರ್ ಎಲ್ಲ ಯಾಕಾದ್ರೂ ಓದ್ಬೇಕೋ ಅಂತ ಗೊಣಗಿದೆ. ಅಷ್ಟರಲ್ಲಿ ನಿಮ್ಮ ವಾರ್ಡನ್ ಕರೆದರು, ಮಾತು ಅಲ್ಲಿಗೇ ನಿಂತಿತು.

ಈಗ ಹೇಳುತ್ತೇನೆ ಕೇಳು. ಆಗ್ಮೆಂಟೆಡ್ ರಿಯಾಲಿಟಿ ಅಂದರೆ ಕ್ಯಾಮೆರಾದಲ್ಲಿ ಕಾಣುವ ನಿಜವಾದ ಜಾಗದ ಮೇಲೆ ಬಾಣವನ್ನೋ ಚಿತ್ರವನ್ನೋ ಕೂರಿಸಿ ತೋರಿಸೋದು. ಅದಕ್ಕೆ ತಾನೆಲ್ಲಿದ್ದೇನೆ ಅಂತ ಫೋನಿಗೆ ಮೊದಲು ಗೊತ್ತಿರಬೇಕು. ಸಂಜೆ ಮೇಣದಬತ್ತಿ ತರಲು ಕತ್ತಲಲ್ಲೇ ಅಡುಗೆಮನೆಗೆ ಹೋದೆ. ಜಗಲಿಯಿಂದ ಅಷ್ಟು ಹೆಜ್ಜೆ, ಆಮೇಲೆ ಎಡಕ್ಕೆ ಅಂತ ಕಾಲಿಗೇ ಗೊತ್ತು. ಆದರೆ ನಡೆಯುತ್ತಾ ನಡೆಯುತ್ತಾ ಅಂದಾಜು ಸ್ವಲ್ಪ ಸ್ವಲ್ಪವೇ ತಪ್ಪುತ್ತೆ. ಕೈಗೆ ಬಾಗಿಲ ಚೌಕಟ್ಟು ತಗುಲಿದ ಕೂಡಲೇ 'ಓ, ಇಲ್ಲಿದ್ದೀನಿ' ಅಂತ ಲೆಕ್ಕ ಸರಿಹೋಗುತ್ತೆ. ಫೋನೂ ಹೀಗೇ ಮಾಡೋದು. ಅದರೊಳಗಿನ ಆಕ್ಸಿಲರೋಮೀಟರ್, ಗೈರೋಸ್ಕೋಪ್‌ಗಳು ಸೆಕೆಂಡಿಗೆ ನೂರಾರು ಸಲ 'ಇಷ್ಟು ಸರಿದೆ, ಇಷ್ಟು ತಿರುಗಿದೆ' ಅಂತ ಹೇಳುತ್ತಿರುತ್ತವೆ. ಅದು ಕಾಲಿನ ಅಂದಾಜು. ಕ್ಯಾಮೆರಾ ಕಣ್ಣಿಗೆ ಬಿದ್ದ ಮೂಲೆ, ಅಂಚು, ಕಲೆಗಳನ್ನು ಗುರುತು ಹಿಡಿದು ಆ ಅಂದಾಜನ್ನು ತಿದ್ದುತ್ತೆ. ಅದು ಚೌಕಟ್ಟು. ತಾನಿರುವ ಜಾಗದ ನಕ್ಷೆ ಬರೆಯುತ್ತಾ, ಅದೇ ನಕ್ಷೆಯಲ್ಲಿ ತಾನೆಲ್ಲಿದ್ದೇನೆ ಅಂತ ಹುಡುಕುತ್ತಾ ಹೋಗುವ ಈ ಕೆಲಸಕ್ಕೆ ನಮ್ಮವರು 'ಸ್ಲ್ಯಾಮ್' ಅನ್ನುತ್ತಾರೆ. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದೊಂದಕ್ಕೆ ಸಿಗೋದು ಸುಮಾರು 16 ಮಿಲಿಸೆಕೆಂಡು, ಅಷ್ಟರಲ್ಲಿ ಎಲ್ಲ ಮುಗಿಯಬೇಕು.

ನಿನ್ನ ಮ್ಯಾಟ್ರಿಕ್ಸ್ ಬರೋದು ಇಲ್ಲೇ. ಫೋನು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅನ್ನೋದನ್ನು ನಾಲ್ಕು ಸಾಲು, ನಾಲ್ಕು ಕಂಬದ ಒಂದು ಮ್ಯಾಟ್ರಿಕ್ಸ್‌ನಲ್ಲಿ ಇಡುತ್ತೇವೆ. ತಿರುಗುವ ಲೆಕ್ಕಕ್ಕೆ ಕ್ವಾಟರ್ನಿಯನ್ ಅಂತ ಇನ್ನೊಂದು ಬಗೆಯ ಸಂಖ್ಯೆ ಇದೆ. 1843ರ ಅಕ್ಟೋಬರ್ 16ರಂದು ಡಬ್ಲಿನ್‌ನಲ್ಲಿ ಹೆಂಡತಿಯ ಜೊತೆ ನಡೆದುಹೋಗುತ್ತಿದ್ದ ಹ್ಯಾಮಿಲ್ಟನ್ ಅನ್ನೋ ಗಣಿತಜ್ಞನಿಗೆ ಅದು ಥಟ್ಟನೆ ಹೊಳೆದು, ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಸೂತ್ರ ಕೆತ್ತಿದನಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಅರ್ಥವಾಗದೆ ಎಷ್ಟೋ ರಾತ್ರಿ ಅತ್ತಿದ್ದೇನೆ. ಈಗ ದಿನಾ ಅದರ ಜೊತೆಗೇ ಬದುಕು.

ಆಗ್ಮೆಂಟೆಡ್ ರಿಯಾಲಿಟಿ ಆಟಕ್ಕೆಂದು ಹುಟ್ಟಿದ್ದೂ ಅಲ್ಲ. 1968ರಲ್ಲಿ ಐವನ್ ಸದರ್‌ಲ್ಯಾಂಡ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ತೋರಿಸಿದ, ತಲೆಗೆ ಹಾಕಿಕೊಂಡು ನೋಡುವ ಸಾಧನವನ್ನು ಚಾವಣಿಯಿಂದ ಇಳಿಬಿಟ್ಟ ತೋಳಿಗೆ ಜೋಡಿಸಿದ್ದರು. 'ಆಗ್ಮೆಂಟೆಡ್ ರಿಯಾಲಿಟಿ' ಅನ್ನೋ ಹೆಸರು ಬಂದದ್ದು 90ರ ದಶಕದ ಶುರುವಿನಲ್ಲಿ, ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಅವರಿಂದ. ವಿಮಾನದ ವೈರುಗಳನ್ನು ಜೋಡಿಸುವವರಿಗೆ ಯಾವುದು ಎಲ್ಲಿಗೆ ಹೋಗಬೇಕು ಅಂತ ಕಣ್ಣೆದುರೇ ತೋರಿಸಬೇಕಿತ್ತು. ಪೋಕೆಮಾನ್ ಗೋ ಬಂದದ್ದು 2016ರಲ್ಲಿ. ನಾನು ಮಾಡೋದು ಕಾಡೆಲ್ ಕಡೆಯ ಕೆಲಸ. ಮೆಕ್ಯಾನಿಕ್ ಫೋನನ್ನು ಯಂತ್ರದ ಮುಂದೆ ಹಿಡಿದರೆ, ಮುಂದೆ ಯಾವ ಬೋಲ್ಟ್ ಬಿಚ್ಚಬೇಕೋ ಅದರ ಮೇಲೆ ಒಂದು ಹಸಿರು ಬಾಣ ಬರುತ್ತೆ. ಅವರು ಕೈ ಆಡಿಸಲಿ, ಪಕ್ಕಕ್ಕೆ ಹೋಗಿ ನೋಡಲಿ, ಬಾಣ ಆ ಬೋಲ್ಟ್ ಬಿಟ್ಟು ಅಲುಗಬಾರದು. ಅದನ್ನು ಅಲ್ಲೇ ನಿಲ್ಲಿಸೋದು ನನ್ನ ಕೆಲಸ.

ಬೆಂಗಳೂರಿನ ಆಫೀಸಿನಲ್ಲಿ ಅದು ಚೆನ್ನಾಗಿ ನಿಲ್ಲುತ್ತಿತ್ತು. ಇಲ್ಲಿಗೆ ಬಂದ ಮೇಲೆ ತೋಟದಲ್ಲಿ ಹಿಡಿದು ನೋಡಿದೆ. ಕಾಫಿ ಗಿಡಗಳೆಲ್ಲ ಒಂದರ ಹಾಗೆ ಇನ್ನೊಂದು, ಫೋನು ಈ ಸಾಲನ್ನು ಆ ಸಾಲು ಅಂದುಕೊಳ್ಳುತ್ತೆ. ಗಾಳಿಗೆ ಎಲೆ ಅಲುಗಿದರೆ ತಾನೇ ಸರಿದೆ ಅಂದುಕೊಳ್ಳುತ್ತೆ. ಮಳೆ ಬಿದ್ದ, ಕಾಫಿ ಒಣಗಿಸುವ ಕಣದಲ್ಲಿ ಆಕಾಶದ ಪ್ರತಿಬಿಂಬ ಮೂಡಿದಾಗ ನೆಲ ಎಲ್ಲಿದೆ ಅಂತಲೇ ತಿಳಿಯಲ್ಲ. ಮಂಜು ಕವಿದರಂತೂ ಹಿಡಿಯೋಕೆ ಒಂದು ಮೂಲೆಯೂ ಸಿಗಲ್ಲ. ಮರದಡಿಯಲ್ಲಿ ಜಿಪಿಎಸ್ ನಂಬೋ ಹಾಗಿಲ್ಲ. ಆಫೀಸಿನ ಮೇಜಿನ ಮೇಲೆ ಕಲಿಯದ್ದನ್ನು ಈ ತೋಟ ನನಗೆ ಕಲಿಸಿತು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಹೋದ ಡಿಸೆಂಬರ್‌ನಲ್ಲಿ, ಅರೇಬಿಕಾ ಕೊಯ್ಲು ಜೋರಾಗಿದ್ದಾಗ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ನಮ್ಮ ಪಲ್ಪರ್ ಯಂತ್ರದ ಮೇಲೆ ಆ ಬಾಣವನ್ನು ಪರೀಕ್ಷೆ ಮಾಡಿದ್ದೆ. ಬೀಜ ತುಂಡಾಗಿ ಬರುತ್ತಿತ್ತು, ತಟ್ಟೆಯ ಅಂತರ ಸರಿಮಾಡುವ ಬೋಲ್ಟ್ ತಿರುಗಿಸಬೇಕಿತ್ತು. ಪಲ್ಪರ್ ನೋಡಿಕೊಳ್ಳುವ ಅಣ್ಣನ ಕೈಗೇ ಫೋನ್ ಕೊಟ್ಟೆ. ಯಂತ್ರ ಓಡುತ್ತಿತ್ತು, ನೀರು ಚಿಮ್ಮುತ್ತಿತ್ತು, ಒದ್ದೆ ಕಬ್ಬಿಣ ಬಲ್ಬಿನ ಬೆಳಕಿಗೆ ಹೊಳೆಯುತ್ತಿತ್ತು. ಬಾಣ ಮೊದಲು ಬೋಲ್ಟ್ ಮೇಲೇ ಇತ್ತು. ಆಮೇಲೆ ಮೆಲ್ಲಗೆ, ಯಾರಿಗೂ ತಿಳಿಯದಷ್ಟು ಮೆಲ್ಲಗೆ, ಒಂದು ಗೇಣು ಬಲಕ್ಕೆ ಜಾರಿತು. ಅಲ್ಲಿ ಬೆಲ್ಟ್ ತಿರುಗುತ್ತಿತ್ತು. ಅವರ ಕೈ ಅತ್ತ ಹೋಯಿತು. ನಾನು ಕಿರುಚಿದ ರಭಸಕ್ಕೆ ಕೈ ಹಿಂದೆ ಬಂತು, ಏನೂ ಆಗಲಿಲ್ಲ. ಅವರು ನನ್ನ ಮುಖ ನೋಡಿ, "ಫೋನು ಅಲ್ಲೇ ತೋರಿಸ್ತಲ್ಲ ಅಕ್ಕಾ" ಅಂದರು.

ಇಪ್ಪತ್ತು ವರ್ಷದಿಂದ ಆ ಪಲ್ಪರ್ ಓಡಿಸಿದವರು, ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲವರು, ತಮ್ಮ ಕೈಯನ್ನು ಬಿಟ್ಟು ನನ್ನ ಬಾಣ ನಂಬಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಆಪಲ್‌ನ ಎಆರ್‌ಕಿಟ್ ಆಗಲಿ ಗೂಗಲ್‌ನ ಎಆರ್‌ಕೋರ್ ಆಗಲಿ, ಫೋನಿಗೆ ಈ ಲೆಕ್ಕ ಮಾಡಿಕೊಡುವ ಈ ಸಿದ್ಧ ತಂತ್ರಾಂಶಗಳು ಟ್ರ್ಯಾಕಿಂಗ್, ಅಂದರೆ ಜಾಗದ ಅಂದಾಜು, ಸರಿಯಾಗಿದೆಯೋ ಇಲ್ಲವೋ ಅಂತ ಆಗಾಗ ಹೇಳುತ್ತಲೇ ಇರುತ್ತವೆ. ಅದನ್ನು ಕಿವಿಗೆ ಹಾಕಿಕೊಳ್ಳದ ಕೋಡ್ ಬರೆದವಳು ನಾನೇ.

ಮಾರನೇ ದಿನ ಕಂಪನಿಯ ಮೀಟಿಂಗಿನಲ್ಲಿ, ಖಾತ್ರಿ ಇಲ್ಲದಾಗ ಬಾಣ ತೋರಿಸಲೇಬಾರದು ಅಂದೆ. ಬಾಣ ಹೋಗಿ ಬಂದು ಮಾಡಿದರೆ ಗ್ರಾಹಕರು ಆ್ಯಪ್ ಕೆಟ್ಟಿದೆ ಅನ್ನುತ್ತಾರೆ, ಡೆಮೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಕಂಪನಿಯವರು ಅಂದರು. ಮೂರು ವಾರ ಜಗಳವಾಡಿದೆ ಪುಟ್ಟಿ. ಕೆಲಸ ಹೋದರೂ ಹೋಗಲಿ ಅಂತ ಅಜ್ಜನ ಹತ್ತಿರ ಹೇಳಿಕೊಂಡಿದ್ದೆ. ಕೊನೆಗೆ ಒಪ್ಪಿದರು. ಈಗ ಫೋನು ನಡುನಡುವೆ ಯಂತ್ರದ ಆಕಾರವನ್ನು ಮತ್ತೆ ಹೋಲಿಸಿ ನೋಡುತ್ತೆ. ಬೆರಳಗಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಬಾಣ ಮಾಯವಾಗಿ, 'ಯಂತ್ರವನ್ನು ಇನ್ನೊಮ್ಮೆ ತೋರಿಸಿ' ಅಂತ ಕನ್ನಡದಲ್ಲಿ ಬರುತ್ತೆ. ಅದಕ್ಕೂ ಮೊದಲು 'ಯಂತ್ರ ನಿಲ್ಲಿಸಿದ್ದೀರಾ?' ಅಂತ ಕೇಳುತ್ತೆ. ಆ ಸಾಲು ಸೇರಿಸಿದ್ದು ಪಲ್ಪರ್ ಅಣ್ಣನ ಮಾತಿನ ಮೇಲೆ.

ಹಾಗಾಗಿ ನಿನ್ನ ಗೆಳತಿಯರು ಕೇಳಿದರೆ, ನಮ್ಮಮ್ಮ ಇಲ್ಲದ್ದನ್ನು ತೋರಿಸಲ್ಲ, ಇರೋದರ ಮೇಲೆ ಬೆರಳಿಟ್ಟು ತೋರಿಸುತ್ತಾಳೆ, ತಿಳಿಯದಾಗ ಬೆರಳು ಹಿಂದಕ್ಕೆ ತಗೋತಾಳೆ ಅಂತ ಹೇಳು. ಕಂಪ್ಯೂಟರ್ ಸೈನ್ಸೇ ತಗೋ ಅಂತ ನಾನು ಒತ್ತಾಯ ಮಾಡಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಸೇರೋ ಆಸೆ ಇನ್ನೂ ಇದ್ದರೆ ಅದೂ ನನಗೆ ಸಂತೋಷವೇ. ಅಲ್ಲಿಗೆ ಹೋದರೂ ನನ್ನ ಫೋನಿಗೆ ಎಲೆ ಗುರುತಿಸೋದು ಹೇಗೆ ಅಂತ ನೀನೇ ಹೇಳಿಕೊಡಬೇಕಾಗುತ್ತೆ.

ಶನಿವಾರ ಮಡಿಕೇರಿಯಿಂದ ಬರುವ ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸುತ್ತೇನೆ. ಕರಿಮೆಣಸಿನ ಪುಡಿ, ಕಿತ್ತಳೆ ಸಿಪ್ಪೆಯ ಗೊಜ್ಜು, ಅಜ್ಜ ಕೊಟ್ಟ ಹಲಸಿನ ಬೀಜ. ಭಾನುವಾರ ಫೋನ್ ಮಾಡುವಾಗ ಮೂರು ಆಯಾಮದ ರೇಖಾಗಣಿತದ ಪುಸ್ತಕ ಪಕ್ಕದಲ್ಲಿಟ್ಟುಕೋ. ಯಾವ ಲೆಕ್ಕ ಬರಲಿಲ್ಲವೋ ಅದನ್ನು ಕ್ಯಾಮೆರಾಗೆ ತೋರಿಸು, ಇಬ್ಬರೂ ಕೂತು ಮಾಡೋಣ.

ನಿನ್ನ
ಅಮ್ಮ